ಮರೆಮ್ಮನ ಎಡಗೈಗೊಂದು ಪಿಸ್ತೂಲು

ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿದಾಗ, ನಿನ್ನ ನಡತೆ ಬಲ್ಲ ಇಬ್ಬರ ಹೆಸರು ಹೇಳು ಎಂದು ಠಾಣೆಯಲ್ಲಿ ಕೇಳಿದರು. ಮರೆಮ್ಮ ಮೊದಲು ಹೇಳಿದ್ದು ನನ್ನ ಹೆಸರು. ಹವಾಲ್ದಾರ ಪೆನ್ನು ಕೆಳಗಿಟ್ಟು ನಕ್ಕನಂತೆ. ಪುಣೆಯ ಕಾರ್ಖಾನೆಗಳ ಗೇಟಿನ ಮುಂದೆ ಧರಣಿ ಕೂತು, ಪೊಲೀಸ್ ವ್ಯಾನಿಗೆ ಎಳೆಸಿಕೊಂಡು ನನ್ನ ಅರ್ಧ ಆಯುಷ್ಯ ಕಳೆದಿದೆ. ನನ್ನ ಮೇಲಿರುವ ಕೇಸುಗಳು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಈ ಹೆಂಗಸು ನಿನ್ನ ಪರವಾಗಿ ನಿಂತರೆ ಪಿಸ್ತೂಲು ಹಾಗಿರಲಿ, ದೀಪಾವಳಿಯ ಪಟಾಕಿಗೂ ಪರವಾನಗಿ ಸಿಗಲಿಕ್ಕಿಲ್ಲ ಎಂದನಂತೆ. ಕೊನೆಗೆ ಅವಳು ಕೆಲಸ ಮಾಡುವ ಶಾಲೆಯ ಹೆಡ್‌ಮಿಸ್ಸು ಮತ್ತು ಮನೆಯ ಎದುರಿನ ಕಿರಾಣಿ ಅಂಗಡಿಯವ ಹೆಸರು ಕೊಟ್ಟರು. ಲೈಸೆನ್ಸು ಬಂತು.

ಬಂದ ಮೇಲೆ ಶುರುವಾಯಿತು ನಿಜವಾದ ತಲೆನೋವು. ಲೈಸೆನ್ಸು ಕೈಗೆ ಬಂದರೆ ಇಂತಿಷ್ಟು ಅವಧಿಯೊಳಗೆ ಆಯುಧ ಕೊಂಡು ಠಾಣೆಗೆ ತೋರಿಸಬೇಕು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಅಲೆಯಬೇಕು. ಅಂಗಡಿಯಲ್ಲಿ ಅವಳ ಕೈಗೆಟುಕುವ ಪಿಸ್ತೂಲು ಒಂದೇ ಒಂದಿತ್ತು. ಅದನ್ನು ಕೊಳ್ಳಬೇಕೋ ಬೇಡವೋ ಎಂದು ಮರೆಮ್ಮ ಒಂದಿಡೀ ಮಳೆಗಾಲ ಮತ್ತು ಅರ್ಧ ಚಳಿಗಾಲ ಒದ್ದಾಡಿದಳು. ಆ ಒದ್ದಾಟವನ್ನು ಬರೆಯಬೇಕೆಂದು ಕೂತಿದ್ದೇನೆ. ಅದಕ್ಕೆ ಮೊದಲು ಅವಳು ಯಾರು ಎಂದು ಹೇಳಬೇಕು.

ಅವಳಿಗೆ ಬೇಟೆಯ ಹುಚ್ಚಿಲ್ಲ, ಜೀವಬೆದರಿಕೆಯೂ ಇಲ್ಲ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವಳದು. ಬೆಳಗಿನ ಸುತ್ತು ಮುಗಿದು ಮಧ್ಯಾಹ್ನದ ಸುತ್ತು ಶುರುವಾಗುವ ನಡುವೆ, ದೇಹೂ ರೋಡಿನ ಆಚೆ ಇರುವ ಒಂದು ಖಾಸಗಿ ಶೂಟಿಂಗ್ ರೇಂಜಿಗೆ ಹೋಗುತ್ತಾಳೆ. ಅಲ್ಲಿ ಇಪ್ಪತ್ತೈದು ಮೀಟರ್ ದೂರದ ಕಾಗದಕ್ಕೆ ಪಾಯಿಂಟ್ ಟ್ವೆಂಟಿಟೂ ಪಿಸ್ತೂಲಿನಿಂದ ಗುಂಡು ಹೊಡೆಯುತ್ತಾಳೆ. ತಳದ ಅಂಚಿಗೆ ಪಿನ್ನು ಬಡಿದರೆ ಹಾರುವ, ಕಡಲೆಕಾಳಿಗಿಂತ ಚಿಕ್ಕ ಗುಂಡು ಅದು. ಎರಡು ಸಲ ರಾಜ್ಯಮಟ್ಟದ ಸ್ಪರ್ಧೆಗೆ ಹೋಗಿ ಬಂದಿದ್ದಾಳೆ. ಪದಕ ಬಂದಿಲ್ಲ. ಮರ್ಯಾದೆ ಹೋಗುವಂಥ ಅಂಕಗಳೂ ಬಂದಿಲ್ಲ.

ಅವಳಪ್ಪ ಅವ್ವಣ್ಣ ಸುರಪುರದ ಕಡೆಯವನು. ಮಗರಪಟ್ಟಾದಲ್ಲಿ ಈಗ ಕಂಪ್ಯೂಟರಿನವರು ಕೂರುವ ಗೋಪುರಗಳು ಏಳುತ್ತಿದ್ದಾಗ ಗಂಡ ಹೆಂಡತಿ ಇಬ್ಬರೂ ಅಲ್ಲಿ ಗಾರೆ ಹೊತ್ತವರು. ಮರೆಮ್ಮ ಬೆಳೆದದ್ದು ಆ ಕಟ್ಟಡಗಳ ಬುಡದ ತಗಡಿನ ಶೆಡ್ಡಿನಲ್ಲಿ. ಹಡಪಸರದ ಮರಾಠಿ ಶಾಲೆಯಲ್ಲಿ ಎನ್‌ಸಿಸಿ ಇತ್ತು. ಬೂಟು ಪುಕ್ಕಟೆ, ಪರೇಡಿನ ದಿನ ತಿನ್ನಲು ಕೊಡುತ್ತಾರೆ ಎಂದು ಸೇರಿದಳು. ಕ್ಯಾಂಪಿನಲ್ಲಿ ರೈಫಲ್ ಕೈಗೆ ಕೊಟ್ಟು ಹೊಡೆಸಿದರು. ಅವಳ ಕಾಗದದಲ್ಲಿ ತೂತುಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು. ಯಾರೋ ಸುಬೇದಾರ ಬೆನ್ನು ತಟ್ಟಿದ. ಅಲ್ಲಿಗೆ ಮುಗಿಯಿತು. ಅವ್ವಣ್ಣ ಹತ್ತನೇ ತರಗತಿಯ ನಂತರ ಮಗಳನ್ನು ಸೋದರ ಸಂಬಂಧದ ಭೀಮುವಿಗೆ ಕೊಟ್ಟ. ಭೀಮು ನೀರಿನ ಟ್ಯಾಂಕರ್ ಓಡಿಸುತ್ತಾನೆ. ಒಳ್ಳೆಯ ಮನುಷ್ಯ. ಪಟಾಕಿ ಹಚ್ಚಲಿಕ್ಕೂ ಹೆದರುತ್ತಾನೆ.

ಮದುವೆಯ ನಂತರ ಇಬ್ಬರೂ ರಾಂಜಣಗಾಂವಕ್ಕೆ ಹೋದರು. ಅಲ್ಲಿನ ಕಾರ್ಖಾನೆ ಪ್ರದೇಶದಲ್ಲಿ ಬೋರ್ಡೂ ಸರಿಯಾಗಿಲ್ಲದ ಒಂದು ಶೆಡ್ಡಿನಲ್ಲಿ ಮರೆಮ್ಮನಿಗೆ ಪವರ್ ಪ್ರೆಸ್ಸಿನ ಕೆಲಸ ಸಿಕ್ಕಿತು. ತಗಡನ್ನು ಅಚ್ಚಿನ ಮೇಲಿಡಬೇಕು, ಪ್ರೆಸ್ಸು ಕೆಳಗಿಳಿದು ಗುದ್ದುತ್ತದೆ, ಮೋಟರಿನ ಮುಚ್ಚಳವೋ ಬ್ರಾಕೆಟ್ಟೋ ಆಗಿ ಹೊರಬರುತ್ತದೆ. ಆ ಯಂತ್ರಕ್ಕೆ ಎರಡು ಬಟನ್, ಬಲಕ್ಕೊಂದು ಎಡಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಒಂದು ಕೈಯೂ ಅಚ್ಚಿನೊಳಗೆ ಇರುವುದಿಲ್ಲ. ಯಾರೋ ಪುಣ್ಯಾತ್ಮ ತಲೆ ಓಡಿಸಿ ಮಾಡಿದ ಉಪಾಯ ಅದು.

ಆದರೆ ಎರಡು ಕೈಯಿಂದ ಒತ್ತುತ್ತ ಕೂತರೆ ದಿನದ ಲೆಕ್ಕ ಮುಗಿಯುವುದಿಲ್ಲ. ಹಾಗಾಗಿ ಆ ಶೆಡ್ಡಿನ ಹೆಂಗಸರೆಲ್ಲ ಒಂದು ಬಟನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿಬಿಡುತ್ತಿದ್ದರು. ಅದು ಸದಾ ಒತ್ತಿಕೊಂಡೇ ಇರುತ್ತದೆ. ಒಂದು ಕೈಯಿಂದ ಒತ್ತು, ಇನ್ನೊಂದು ಕೈಯಿಂದ ತಗಡು ಜೋಡಿಸು. ಕೆಲಸ ಸರಸರ ಸಾಗುತ್ತದೆ. ಹೊಸದಾಗಿ ಬಂದವಳಿಗೆ ಹಳಬರು ಮೊದಲು ಕಲಿಸುತ್ತಿದ್ದುದೇ ಟ್ಯೂಬು ಕಟ್ಟುವುದನ್ನು. ಮರೆಮ್ಮನೂ ಕಟ್ಟಿದಳು. ಎಷ್ಟು ಅಚ್ಚುಕಟ್ಟಾಗಿ ಕಟ್ಟುತ್ತಿದ್ದಳೆಂದರೆ ಬೇರೆಯವರ ಯಂತ್ರಕ್ಕೂ ಅವಳನ್ನೇ ಕರೆಯುತ್ತಿದ್ದರು.

ಒಂದು ದಿನ ತಗಡು ಅಚ್ಚಿನಲ್ಲಿ ಸರಿಯಾಗಿ ಕೂರಲಿಲ್ಲ. ಸರಿಸಲು ಬಲಗೈ ಒಳಗೆ ಹಾಕಿದಳು. ಎಡಗೈ ರೂಢಿಯಂತೆ ಎಡದ ಬಟನ್ ಒತ್ತಿತು. ಬಲದ ಬಟನ್ ಟ್ಯೂಬಿನ ಕೆಳಗೆ ಆಗಲೇ ಒತ್ತಿಕೊಂಡಿತ್ತು.

ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಹೋದವು. ಪಕ್ಕದ ಪ್ರೆಸ್ಸಿನಲ್ಲಿದ್ದ ಭಾಮಾ ಎಂಬ ಶಿರೂರು ಕಡೆಯ ಮರಾಠಿ ಹೆಂಗಸು ಓಡಿಬಂದು ಮೇನ್ ಸ್ವಿಚ್ಚು ಎಳೆದಳು. ತನ್ನ ಸೀರೆಯ ಸೆರಗು ಹರಿದು ಕೈಗೆ ಬಿಗಿದಳು. ಇಟ್ಟಿಗೆ ಸಾಗಿಸುವ ಟೆಂಪೋ ನಿಲ್ಲಿಸಿ ಅದರಲ್ಲೇ ಆಸ್ಪತ್ರೆಗೆ ಕರೆದೊಯ್ದಳು. ಡ್ರೈವರ್ ಹಿಂದೆ ಮುಂದೆ ನೋಡಿದಾಗ ಅವನ ಅಪ್ಪನನ್ನೂ ಅಜ್ಜನನ್ನೂ ಸೇರಿಸಿ ಬೈದಳಂತೆ. ಇದನ್ನು ಹೇಳುವಾಗ ಮರೆಮ್ಮ ಈಗಲೂ ನಗುತ್ತಾಳೆ. ನೋವಿಗಿಂತ ಆ ಬೈಗುಳವೇ ಹೆಚ್ಚು ನೆನಪಿದೆ ಎನ್ನುತ್ತಾಳೆ.

ನಾನು ಅವಳ ಬದುಕಿಗೆ ಬಂದದ್ದು ಆಗ. ನಮ್ಮ ಸಂಘಟನೆ ಪರಿಹಾರದ ಕೇಸು ಹಾಕಿತು. ಬಟನ್ ಕಟ್ಟಿದವಳು ಅವಳೇ, ತಪ್ಪು ಅವಳದೇ ಎಂದ ಮಾಲೀಕನ ವಕೀಲ. ಮರೆಮ್ಮನನ್ನು ಕೇಳಿದರೆ, ಹೌದು, ನಾನೇ ಕಟ್ಟಿದ್ದೆ ಎಂದಳು. ನಮ್ಮ ವಕೀಲ ತಲೆ ಮೇಲೆ ಕೈ ಹೊತ್ತ. ಶೆಡ್ಡಿನ ಬೇರೆ ಹೆಂಗಸರು ಕೆಲಸ ಹೋಗುವ ಭಯಕ್ಕೆ ಬಾಯಿ ಬಿಡಲಿಲ್ಲ. ಅವರನ್ನು ದೂರುವುದಿಲ್ಲ, ಮನೆಯಲ್ಲಿ ಒಲೆ ಉರಿಯಬೇಕಲ್ಲ. ಭಾಮಾ ಒಬ್ಬಳೇ ಬಂದು ಹೇಳಿದಳು: ಎಲ್ಲ ಯಂತ್ರಕ್ಕೂ ಟ್ಯೂಬು ಕಟ್ಟಿತ್ತು, ಪಂಚರ್ ಅಂಗಡಿಯಿಂದ ಟ್ಯೂಬು ಕತ್ತರಿಸಿ ತಂದುಕೊಡುತ್ತಿದ್ದವನೇ ಸುಪರ್‌ವೈಜರ್. ಮರುದಿನವೇ ಅವಳ ಕೆಲಸ ಹೋಯಿತು. ಮರೆಮ್ಮನಿಗೆ ಪರಿಹಾರ ಸಿಕ್ಕಿತು. ನ್ಯಾಯ ಸಿಕ್ಕಿತು ಎಂದು ನಾನು ಬರೆಯುವುದಿಲ್ಲ. ಬೆರಳಿಗೆ ಸಮನಾದ ನ್ಯಾಯ ಯಾವ ಕೋರ್ಟಿನಲ್ಲೂ ಇಲ್ಲ.

ಭಾಮಾ ಈಗ ರಾಂಜಣಗಾಂವದ ಗಣಪತಿ ಗುಡಿಯ ಹತ್ತಿರ ಕಾರ್ಖಾನೆ ಹುಡುಗರಿಗೆ ಖಾನಾವಳಿ ನಡೆಸುತ್ತಾಳೆ. ಚೆನ್ನಾಗಿಯೇ ನಡೆದಿದೆ.

ಮರೆಮ್ಮ ಮತ್ತು ಭೀಮು ದೇಹೂ ರೋಡಿಗೆ ಬಂದು ನೆಲೆಸಿದರು. ಬಸ್ಸಿನ ಕೆಲಸ ಹಿಡಿದ ಮೇಲೆ, ದಿನವೂ ಕಾಣುವ ರೇಂಜಿನ ಬೋರ್ಡು ನೋಡಿ ಒಂದು ದಿನ ಒಳಗೆ ನುಗ್ಗಿದಳು. ಅದನ್ನು ನಡೆಸುವವರು ಮನೋಹರ ಎಂಬ ನಿವೃತ್ತ ಸುಬೇದಾರರು, ಬೈಲಹೊಂಗಲದವರು. ಇವಳ ಕನ್ನಡ ಕೇಳಿ ಕುರ್ಚಿ ಕೊಟ್ಟರು. ಕೈ ನೋಡಿದರು. ಅಂಗವಿಕಲರ ವಿಭಾಗಕ್ಕೆ ಸೇರಲು ಈ ಕೈಗಾದ ನಷ್ಟ ಸಾಲದು ಎಂದು ಅನಿಸಿ ಹಾಗೇ ಹೇಳಿದರು. ಪರಿಹಾರದ ಕೇಸಿನಲ್ಲಿ ಮಾಲೀಕನ ಡಾಕ್ಟರಿಗೂ ನಾನು ಕಳಕೊಂಡ ಬೆರಳು ಸಾಲಲಿಲ್ಲ, ನಿಮಗೂ ಸಾಲಲಿಲ್ಲ ನೋಡ್ರಿ ಎಂದಳಂತೆ ಇವಳು. ಮುದುಕ ನಕ್ಕು ಹೇಳಿದರಂತೆ:

"ಈ ಆಟದಾಗ ಒಂದ ಕೈ ಕೆಲಸ, ಬೇ. ಇನ್ನೊಂದು ಕೈ ಕಿಸೇದಾಗ ಇಡಬೇಕು. ನಿನ್ನ ಬಲಗೈ ಕಿಸೇದಾಗ ಇದ್ರ ಯಾರಿಗೂ ಕಾಣಂಗಿಲ್ಲ."

"ಕಂಡ್ರ ಕಾಣಲಿ ಬಿಡ್ರಿ, ಸಾಹೇಬರ. ಕಿಸೆ ಅದ ಅಂದ್ರ ಸಾಕು."

ಅವರು ತಮ್ಮದೇ ಹಳೆಯ ಪಿಸ್ತೂಲು ಕೊಟ್ಟು, ರೇಂಜಿನಲ್ಲಿ ತಾವು ಪಕ್ಕದಲ್ಲಿ ನಿಂತು ಕಲಿಸಿದರು. ಪರದೇಶದ ಮಾಲು, ಅವರಷ್ಟೇ ಹಳೆಯದು. ಅದರ ಕಟ್ಟಿಗೆಯ ಹಿಡಿಯನ್ನು ಕೆತ್ತಿ, ಮೇಣದಂಥದೇನೋ ಮೆತ್ತಿ, ಮತ್ತೆ ಕೆತ್ತಿ ಅವಳ ಎಡಗೈಗೆ ಒಗ್ಗಿಸಿದರು. ಎಡಗೈಯವರಿಗೆ ಗುಂಡಿನ ಖಾಲಿ ಕವಚ ಬಲಕ್ಕೆ ಚಿಮ್ಮಿ ಎದೆಗೆ ಬಡಿಯುತ್ತದೆ ಎಂದು ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು ನಿಲ್ಲುವುದನ್ನು ಹೇಳಿಕೊಟ್ಟರು. ಹೀಗೆ ವರ್ಷಗಳು ನಡೆದವು. ಹೋದ ಬೇಸಿಗೆಯಲ್ಲಿ ಆ ಪಿಸ್ತೂಲಿನ ಮೇಲ್ಭಾಗದಲ್ಲಿ ಕೂದಲಿನಂಥ ಬಿರುಕು ಕಾಣಿಸಿತು. ಮನೋಹರ ಭೂತಗನ್ನಡಿ ಹಿಡಿದು ನೋಡಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಅದರ ಬಿಡಿಭಾಗ ಈಗ ಎಲ್ಲೂ ಹುಟ್ಟುವುದಿಲ್ಲ. ರೇಂಜಿನಲ್ಲಿ ಕೊಡಲು ಬೇರೆ ಪಿಸ್ತೂಲೂ ಇರಲಿಲ್ಲ. ಬಾಕಿಯವರದೆಲ್ಲ ಅವರವರ ಸ್ವಂತದ್ದು. ಮರೆಮ್ಮ ತನ್ನದೊಂದು ಕೊಳ್ಳಬೇಕು, ಇಲ್ಲವೇ ಆಟ ಬಿಡಬೇಕು. ಲೈಸೆನ್ಸಿಗೆ ಓಡಾಡಿದ್ದು ಅದಕ್ಕೇ.

ಅದೇ ಹೊತ್ತಿಗೆ ಇಲ್ಲೇ ತಯಾರಾದ ಅಗ್ಗದ ಪಿಸ್ತೂಲೊಂದು ಹೊಸದಾಗಿ ಅಂಗಡಿಗೆ ಬಂತು. ಪರಿಹಾರದ ಉಳಿಕೆಯಲ್ಲಿ ಬರುವಂಥದ್ದು. ಅಂಗಡಿಯ ಕುಶಲ ಎಂಬ ಮೆಕ್ಯಾನಿಕ್ಕು ಅದನ್ನು ತೋರಿಸಲು ರೇಂಜಿಗೆ ತಂದ. ಒಳ್ಳೆಯ ಕೈಗುಣದವನು, ಮಾತು ಸ್ವಲ್ಪ ಹೆಚ್ಚು. ಮರೆಮ್ಮ ಹಿಡಿದು ನೋಡಿದಳು. ತೂಕ ಹದವಾಗಿತ್ತು, ಹಿಡಿ ಎರಡೂ ಕೈಗೆ ಒಗ್ಗುವಂತಿತ್ತು. ಟ್ರಿಗರ್ ಮಾತ್ರ ಸತ್ತ ಎಮ್ಮೆಯನ್ನು ಎಳೆದಂತೆ. ಜೋರಾಗಿ ಎಳೆದರೆ ಮೂತಿ ಅಲುಗುತ್ತಿತ್ತು, ಗುಂಡುಗಳು ಕೆಳಗೆ ಬಲಕ್ಕೆ ಚೆಲ್ಲಾಪಿಲ್ಲಿ.

ಕುಶಲ ತನ್ನ ಚೀಲದಿಂದ ಅಂಥದೇ ಇನ್ನೊಂದು ತೆಗೆದುಕೊಟ್ಟ. ನೋಡಲು ಅದೇ. ಎಳೆದರೆ ಬೆಣ್ಣೆ. ಮರೆಮ್ಮನ ಗುಂಡುಗಳು ಕಾಗದದ ನಡುವೆ ಹೋಗಿ ಕೂತವು. ಏನು ಮಾಡಿದೆ ಎಂದು ಕೇಳಿದರೆ ಅವನು ಕಿಸೆಯಿಂದ ಉಗುರಿನಷ್ಟು ದೊಡ್ಡ ಒಂದು ತಗಡಿನ ಪಟ್ಟಿ ತೋರಿಸಿದ. ಗುಂಡು ತುಂಬುವ ಮ್ಯಾಗಜೀನನ್ನು ಹೊರಗೆ ತೆಗೆದಾಗಲೂ ಒಮ್ಮೊಮ್ಮೆ ಒಂದು ಗುಂಡು ನಳಿಕೆಯಲ್ಲಿ ಉಳಿದಿರುತ್ತದೆ. ಆಗ ಮರೆತು ಟ್ರಿಗರ್ ಎಳೆದರೂ ಅದು ಹಾರಬಾರದೆಂದು ಈ ಪಟ್ಟಿ ತಡೆಯುತ್ತದೆ. ಅದು ಒಳಗೆ ಉಜ್ಜುವುದರಿಂದಲೇ ಟ್ರಿಗರ್ ಭಾರ. ರೇಂಜಿನಲ್ಲಿ ಹೊಡೆಯುವವರಿಗೆ ಅದರ ಗರಜು ಇಲ್ಲ, ಕೊಂಡವರೆಲ್ಲ ತೆಗೆಸುತ್ತಿದ್ದಾರೆ, ನಿಮಗೂ ಪುಕ್ಕಟೆ ತೆಗೆದುಕೊಡುತ್ತೇನೆ, ತಾಈ, ಎಂದ, ಮರಾಠಿಯಲ್ಲಿ ಅಕ್ಕ ಎಂದು ಕರೆಯುತ್ತ.

ಮರೆಮ್ಮ ನೋಡೋಣ ಎಂದಳು. ಅಷ್ಟೇ ಅಂದು ತಿಂಗಳುಗಟ್ಟಲೆ ಸುಮ್ಮನಾದಳು.

ನಮಗ್ಯಾರಿಗೂ ಅವಳ ಮೌನ ಅರ್ಥವಾಗಲಿಲ್ಲ. ಭೀಮು, ತೆಗಿಸಿ ತಗೋ, ಹೊಡೆಯುವವಳು ನೀನು, ಹೆದರುವವನು ನಾನು, ನಾನೇ ಹೂಂ ಅಂದ ಮೇಲೆ ನಿನಗೇನು ಎಂದ. ಪಿಸ್ತೂಲು ಇಡಲಿಕ್ಕೆ ಗೋಡೆಗೆ ಕಬ್ಬಿಣದ ಪೆಟ್ಟಿಗೆ ಕೂಡಿಸಿ, ಅದರ ಮುಂದೆ ತನ್ನ ಹೆಲ್ಮೆಟ್ಟು ತೂಗುಹಾಕಿ ಯಾರಿಗೂ ಕಾಣದಂತೆ ಮಾಡಿದ. ಮನೋಹರ ಕೂಡ, ನಿನ್ನಂಥ ಎಚ್ಚರದವಳಿಗೆ ಆ ಪಟ್ಟಿ ಇದ್ದರೇನು ಬಿಟ್ಟರೇನು ಎಂದರು. ನನಗೆ ಬಂದೂಕು ಕಂಡರೆ ಆಗುವುದಿಲ್ಲ. ಆದರೂ ಅವಧಿ ಮುಗಿಯುತ್ತ ಬಂದಿತ್ತೆಂದು, ಒಂದು ತಗಡಿನ ಚೂರಿಗೆ ಯಾಕೆ ಇಷ್ಟು ಜೀವ ತಿನ್ನುತ್ತೀ ಎಂದು ಫೋನಿನಲ್ಲಿ ಗದರಿದೆ. ಅವಳು ಎಳ್ಳ ಅಮಾವಾಸಿಗೆ ಬಾ ಎಂದು ಕರೆದು ಫೋನಿಟ್ಟಳು.

ಎಳ್ಳ ಅಮಾವಾಸಿ ಅಂದರೆ ನಮ್ಮ ಉತ್ತರದ ಊರುಗಳಲ್ಲಿ ಹೊಲಕ್ಕೆ ಹೋಗುವ ಹಬ್ಬ. ಬುತ್ತಿ ಕಟ್ಟಿಕೊಂಡು ಹೋಗಿ, ಮೊದಲು ಅನ್ನ, ಕಡಬು, ಪಲ್ಯ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಚರಗ ಚೆಲ್ಲುವುದು ಎನ್ನುತ್ತಾರೆ ಅದಕ್ಕೆ. ಉಣಿಸಿದ ಭೂಮಿಗೆ ಮೊದಲು ಉಣಿಸಿ ಆಮೇಲೆ ತಾವು ಉಣ್ಣುವುದು. ಪುಣೆಯಲ್ಲಿ ಗಾರೆ ಹೊರುವವರಿಗೆ ಹೊಲ ಎಲ್ಲಿದೆ? ಅವ್ವಣ್ಣ ಕಟ್ಟಡದ ಪಾಯದ ಸುತ್ತ ಚೆಲ್ಲುತ್ತಿದ್ದನಂತೆ. ಇಂಜಿನಿಯರು ಇಲಿ ಬರುತ್ತವೆಂದು ಬೈಯುತ್ತಿದ್ದನಂತೆ. ಮರೆಮ್ಮ ಕೆಲವು ವರ್ಷಗಳಿಂದ ಚೆಲ್ಲುವುದು ರೇಂಜಿನಲ್ಲಿ. ಕಾಗದಗಳ ಹಿಂದೆ ಗುಂಡು ತಡೆಯಲು ಎತ್ತರದ ಮಣ್ಣಿನ ದಿಬ್ಬವೊಂದಿದೆ, ಅದರ ಬುಡಕ್ಕೆ. ಆ ದಿನ ರೇಂಜಿಗೆ ರಜೆ ಕೊಡುತ್ತಾರೆ ಮನೋಹರ.

ನಾನು ಹೋದಾಗ ಅವಳು ಬುಟ್ಟಿಯನ್ನು ಬಲತೋಳಿನ ಮೇಲೆ ಹೇರಿಕೊಂಡು ಎಡಗೈಯಿಂದ ಚೆಲ್ಲುತ್ತಿದ್ದಳು. ಈ ಮಣ್ಣಿನಲ್ಲಿ ಸೀಸವೇ ತುಂಬಿದೆ, ಹುಲ್ಲೂ ಹುಟ್ಟುವುದಿಲ್ಲ, ಇದಕ್ಕೆ ಉಣಿಸಿ ಏನು ಮಾಡುತ್ತೀ ಎಂದೆ. ಅವಳು ಚೆಲ್ಲುತ್ತಲೇ ಹೇಳಿದಳು:

"ಬೆಳ್ಯಾಂಗಿಲ್ಲ, ಖರೆ. ಆದ್ರ ಅಕ್ಕಾ, ಇಷ್ಟ್ ವರ್ಷದಾಗ ಎಷ್ಟ್ ಗುಂಡು ಹೊಟ್ಟ್ಯಾಗ ಹಾಕ್ಕೊಂಡದ ಇದು. ಒಂದನ್ನರ ಹೊರಗ ಬಿಟ್ಟದೇನು? ಆಚೀಗಿ ದಾರ್ಯಾಗ ಮಂದಿ ಅಡ್ಡಾಡ್ತಾರ. ಅವರಿಗಿ ಇದು ಅದ ಅಂತ ಸೈತ ಗೊತ್ತಿಲ್ಲ."

ನಾನೂ ಒಂದು ಹಿಡಿ ತೆಗೆದುಕೊಂಡು ಚೆಲ್ಲಿದೆ. ಉಪಕಾರ ಸ್ಮರಣೆ ಎಂಬ ಮಾತನ್ನು ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ, ಬೇಕಾದಷ್ಟು ಬಳಸಿಯೂ ಇದ್ದೇನೆ. ಮಣ್ಣಿನ ದಿಬ್ಬಕ್ಕೆ ಋಣಿಯಾದವಳನ್ನು ಇವಳೊಬ್ಬಳನ್ನೇ ನೋಡಿದ್ದು.

ಊಟಕ್ಕೆ ಬೇವಿನ ಮರದ ಕೆಳಗೆ ಚಾಪೆ ಹಾಸಿದರು. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಎಲ್ಲ ಹಾಕಿದ ಭಜ್ಜಿ ಪಲ್ಯ, ಸಜ್ಜೆ ಕಡಬು, ಶೇಂಗಾ ಹೋಳಿಗೆ. ಮರೆಮ್ಮ ಬಾಯಿಬಿಟ್ಟು ಯಾರಿಗೂ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ. ವರ್ಷಕ್ಕೊಮ್ಮೆ ಹೀಗೆ ಕರೆದು ತಿನ್ನಿಸುತ್ತಾಳೆ, ಬೇಡವೆಂದರೂ ಬಡಿಸುತ್ತಾಳೆ. ನಾನು, ಮನೋಹರ, ಭೀಮು, ರಾಂಜಣಗಾಂವದಿಂದ ಎರಡು ಬಸ್ಸು ಬದಲಿಸಿ ಬಂದ ಭಾಮಾ. ಈ ಸಲ ಕುಶಲನನ್ನೂ ಕರೆದಿದ್ದಳು. ಅವನು ಪಿಸ್ತೂಲಿನ ಡಬ್ಬಿಯನ್ನೂ ತಂದಿದ್ದ, ಈ ತಾಈ ಇವತ್ತಾದರೂ ಹೂಂ ಅನ್ನಲಿ ಎಂದು.

ಭಾಮಾಳಿಗೆ ಪಿಸ್ತೂಲಿನ ಸಂಗತಿ ಗೊತ್ತಿರಲಿಲ್ಲ. ಅವಳಿಗೂ ಕುಶಲನಿಗೂ ಕನ್ನಡ ಬರುವುದಿಲ್ಲ, ಅವನು ಮರಾಠಿಯಲ್ಲೇ ಎಲ್ಲ ವಿವರಿಸಿದ. ಪಟ್ಟಿ ತೋರಿಸಿದ. ಅದನ್ನು ತೆಗೆದರೆ ಟ್ರಿಗರ್ ಹೇಗೆ ಹಗುರಾಗುತ್ತದೆ, ಅಂಕ ಹೇಗೆ ಏರುತ್ತದೆ ಎಂದ. ಭಾಮಾ ರೊಟ್ಟಿ ಮುರಿಯುತ್ತ ಕೇಳಿದಳು, ಈ ಪಟ್ಟಿಯನ್ನು ಮಾಡಿದವನು ಯಾಕೆ ಇಟ್ಟ? ಮರೆವಿನಲ್ಲಿ ಗುಂಡು ಹಾರಬಾರದು ಅಂತ, ಆದರೆ ಇಲ್ಲಿ ಯಾರೂ ಮರೆಯುವುದಿಲ್ಲ, ಎಲ್ಲರೂ ಪಳಗಿದವರು ಎಂದ ಕುಶಲ.

ಭಾಮಾ ರೊಟ್ಟಿ ಕೆಳಗಿಟ್ಟಳು. ಟ್ಯೂಬು ತಂದುಕೊಡುತ್ತಿದ್ದ ಸುಪರ್‌ವೈಜರ್ ಹುಡುಗನೂ ಇದನ್ನೇ ಹೇಳುತ್ತಿದ್ದ, ಅವನೂ ನಿನ್ನ ಹಾಗೆ ಒಳ್ಳೆಯ ಹುಡುಗನೇ ಆಗಿದ್ದ, ಎಂದಳು. ಸಿಟ್ಟಿನಿಂದಲ್ಲ. ಮಾರ್ಕೆಟ್ಟಿನಲ್ಲಿ ತರಕಾರಿಯ ದರ ಹೇಳುವಷ್ಟು ಸಹಜವಾಗಿ.

ಕುಶಲನಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಇಷ್ಟು ತಿಂಗಳು ಮರೆಮ್ಮನ ಬಾಯಿ ಯಾಕೆ ಕಟ್ಟಿತ್ತೆಂದು ಆಗ ತಿಳಿಯಿತು. ಮರೆಮ್ಮ ತಲೆಯೆತ್ತದೆ ಮನೋಹರರ ತಟ್ಟೆಗೆ ಪಲ್ಯ ಹಾಕುತ್ತಿದ್ದಳು. ಹಾಕಿ ಮುಗಿಸಿ ಕನ್ನಡದಲ್ಲೇ ಹೇಳಿದಳು. ಕುಶಲನಿಗೂ ಭಾಮಾಳಿಗೂ ಭೀಮು ಮರಾಠಿ ಮಾಡುತ್ತ ಹೋದ.

"ಆ ಟ್ಯೂಬು ಕಟ್ಟೂದ್ರಾಗ ನಾ ಭಾಳ ಶಾಣೆಕಿ ಇದ್ದೆ. ಎಲ್ಲಾರೂ ಕಟ್ಟತಿದ್ರು, ನಾನೂ ಕಟ್ಟಿದೆ. ನನ್ನಂಥಾಕಿಗಿ ಏನೂ ಆಗಂಗಿಲ್ಲ ಅಂದ್ಕೊಂಡಿದ್ದೆ. ಈ ಪಿಸ್ತೂಲು ಹಗೂರ ಆದ್ರ ಛಲೋ ಹೊಡೀತೀನಿ, ನನಗ ಗೊತ್ತದ. ಹೊಡೆದು ನೋಡೀನಿ. ಅದಕ್ಕಾ ತ್ರಾಸ ಆಗ್ಲಾಕತ್ತಿತ್ತು. ಪಟ್ಟಿ ತೆಗೀಬ್ಯಾಡ ಅಂದ್ರ ನಂಬರು ಹೋಗ್ತದ. ತೆಗಿ ಅಂದ್ರ ನಾ ಮತ್ತ ಆ ಪ್ರೆಸ್ಸಿನ ಮುಂದ ಕುಂತಂಗ."

ಬೇವಿನ ಮರದಲ್ಲಿ ಗಿಳಿಗಳು ಗಲಾಟೆ ಮಾಡುತ್ತಿದ್ದವು. ಮನೋಹರ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ, ಮೂವತ್ತು ವರ್ಷ ಫೌಜಿನಲ್ಲಿ ಹುಡುಗರಿಗೆ ಇದನ್ನೇ ಒದರಿದವನು ನಾನು, ನಿನ್ನ ಅಂಕದ ಆಸೆಗೆ ನನಗೂ ಕಣ್ಣು ಕಟ್ಟಿತು ನೋಡು ಎಂದರು. ಅಷ್ಟು ಹೇಳಿ ಕಡಬು ಬಾಯಿಗಿಟ್ಟರು. ಮರೆಮ್ಮ ಕುಶಲನಿಗೆ ಮರಾಠಿಯಲ್ಲಿ, ಪಟ್ಟಿ ಇರುವುದನ್ನೇ ಕೊಡಪ್ಪಾ, ನಾಳೆ ಬಂದು ಒಯ್ಯುತ್ತೇನೆ ಎಂದಳು. ಟ್ರಿಗರ್ ಎಷ್ಟು ಭಾರ ಅಂತ ನೆನಪಿದೆಯಲ್ಲ ಎಂದ ಅವನು. ಮರೆಮ್ಮ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ನೆನಪದ. ಬೆರಳಿಗಿ ಕಲಿಸ್ತೀನಿ. ಉಳದ ಬೆರಳಿಗರ ಕಲಿಸ್ಲಿಲ್ಲ ಅಂದ್ರ ಹ್ಯಾಂಗ?"

ಕೊಂಡಳು. ಠಾಣೆಗೆ ತೋರಿಸಿದಳು. ಹವಾಲ್ದಾರ ಈ ಸಲ ನಗಲಿಲ್ಲ, ಚಹಾ ತರಿಸಿದನಂತೆ.

ಬೆರಳಿಗೆ ಕಲಿಸುವುದು ಸುಲಭವಾಗಲಿಲ್ಲ. ಮನೆಯಲ್ಲಿ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯುತ್ತ ಕೂರೋಣವೆಂದರೆ ಈ ಜಾತಿಯ ಪಿಸ್ತೂಲಿಗೆ ಅದು ನಡೆಯುವುದಿಲ್ಲ. ಗುಂಡಿಲ್ಲದೆ ಬಡಿದರೆ ಪಿನ್ನು ನಳಿಕೆಯ ಅಂಚಿಗೇ ಕುಟ್ಟಿ ಅಂಚು ಹಾಳಾಗುತ್ತದೆ. ಮನೋಹರ ಬೇರೊಂದು ಹಾದಿ ಹುಡುಕಿದರು. ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲೇ ಅತಿ ಬಿರುಸಾದದ್ದನ್ನು ತೋರುಬೆರಳಿನ ತುದಿಯಿಂದ ಮೆಲ್ಲಗೆ, ಒಂದೇ ಹದದಲ್ಲಿ ಒತ್ತಿ ಮೆಲ್ಲಗೆ ಬಿಡುವುದು. ಮರೆಮ್ಮ ಬಸ್ಸಿನಲ್ಲಿ ಕೂತಾಗೆಲ್ಲ ಅದನ್ನೇ ಮಾಡಿದಳು. ಮಕ್ಕಳು ನೋಡಿ ತಾವೂ ಮನೆಯಿಂದ ಕ್ಲಿಪ್ಪು ತಂದು ಒತ್ತಲು ಶುರುಮಾಡಿದವು. ಹೆಡ್‌ಮಿಸ್ಸಿಗೆ ತಾಯಂದಿರಿಂದ ದೂರು ಬಂತು, ಒಗೆದ ಬಟ್ಟೆಗಳೆಲ್ಲ ಹಾರಿಹೋಗುತ್ತಿವೆ ಎಂದು.

ಫಾಲ್ಗುಣದಲ್ಲಿ ರೇಂಜಿನ ಸ್ಪರ್ಧೆ. ಒಂದು ರವಿವಾರ, ನಾನೂ ಹೋಗಿದ್ದೆ. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ಸಾಲಿನಲ್ಲಿ ನಿಂತವರೆಲ್ಲ ಒಂದು ಕೈ ಚಾಚಿ, ಇನ್ನೊಂದು ಕೈ ಕಿಸೆಯಲ್ಲಿ ಇಟ್ಟಿದ್ದರು. ಹಿಂದಿನಿಂದ ನೋಡಿದರೆ ಯಾರ ಕಿಸೆಯಲ್ಲಿ ಎಷ್ಟು ಬೆರಳಿವೆ ಎಂದು ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ. ಮರೆಮ್ಮ ಬಹಳ ಹೊತ್ತು ಗುರಿ ಹಿಡಿದು ಹೊಡೆಯುತ್ತಿದ್ದಳು. ಪಕ್ಕದವರು ಮುಗಿಸಿ ನೀರು ಕುಡಿಯುವಾಗ ಇವಳದಿನ್ನೂ ಅರ್ಧ. ಮುಗಿದ ಮೇಲೆ ಮ್ಯಾಗಜೀನು ತೆಗೆದು, ನಳಿಕೆ ತೆರೆದು ತೋರಿಸಿ, ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು.

ಅಂಕ ಕೆಟ್ಟದಾಗಿ ಬಂತು. ಹಳೆಯ ಪಿಸ್ತೂಲಿನಲ್ಲಿ ಹೊಡೆಯುತ್ತಿದ್ದುದಕ್ಕಿಂತ ಬಹಳ ಕಡಿಮೆ, ಅಂಕಗಳ ಯಾದಿಯಲ್ಲಿ ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಹೆಸರು. ಕುಶಲನಿಂದ ಟ್ರಿಗರ್ ಹಗುರ ಮಾಡಿಸಿಕೊಂಡ ಇಬ್ಬರು ಅವಳಿಗಿಂತ ಮೇಲಿದ್ದರು. ಕುಶಲ ಬಂದು ನನ್ನ ಪಕ್ಕ ಕೂತ. ಈಗ ಗಿರಾಕಿಗಳಿಗೆ ಮೊದಲು ಆ ಪಟ್ಟಿ ಯಾಕಿದೆ ಎಂದು ಹೇಳಿ, ಆಮೇಲೆ ತೆಗೆಯಲೋ ಬೇಡವೋ ಕೇಳುತ್ತೇನೆ ಎಂದ. ಕೇಳಿದರೆ ಏನು ಹೇಳುತ್ತಾರೆ ಎಂದೆ. ಬಹಳ ಮಂದಿ ತೆಗಿ ಎನ್ನುತ್ತಾರೆ ಎಂದ. ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ಅವನ ಬಗ್ಗೆ ನನಗೆ ಗೌರವ ಬಂತು.

ಮರೆಮ್ಮ ತನ್ನ ಕಾಗದ ಹಿಡಿದುಕೊಂಡು ಬಂದಳು. ಮುಖದಲ್ಲಿ ಸೋತ ಕಳೆ ಹುಡುಕಿದೆ, ಸಿಗಲಿಲ್ಲ. ಕಾಗದವನ್ನು ಬೆಂಚಿನ ಮೇಲೆ ಹರಡಿ, ಕೆಳಗೆ ಬಲಕ್ಕೆ ಚದುರಿದ್ದ ತೂತುಗಳ ಮೇಲೆ ಎಡಗೈ ಆಡಿಸಿ ಇವು ಮೊದಲಿನವು ಎಂದಳು. ನಡುವಿಗೆ ಹತ್ತಿರ ಒತ್ತಾಗಿದ್ದ ನಾಲ್ಕೈದನ್ನು ತೋರಿಸಿ ಇವು ಕೊನೆಯವು ಎಂದಳು. ಇಲ್ಲಿಗೆ ಬರುವ ಹೊತ್ತಿಗೆ ಬೆರಳಿಗೆ ತಿಳಿಯಿತು, ಟ್ರಿಗರಿನ ಆಟ ಮುಗಿದು ನನ್ನ ಆಟ ಶುರುವಾಯಿತು ಎಂದಳು. ಮನೋಹರ ಅವಳ ಹಿಂದೆ ಬಂದು ನಿಂತು ಕನ್ನಡಕ ಏರಿಸಿ ಅದೇ ನಾಲ್ಕೈದು ತೂತುಗಳನ್ನು ನೋಡಿದರು. ಮುಂದಿನ ರವಿವಾರ ಬೇಗ ಬಾ ಎಂದರು. ಮುದುಕನಿಂದ ಅದಕ್ಕಿಂತ ದೊಡ್ಡ ಶಾಭಾಸ್‌ಗಿರಿ ಸಿಗುವುದಿಲ್ಲ.

ಅವಳು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. ಸಂಜೆ ಭೀಮುವಿನ ಟ್ಯಾಂಕರ್ ಶಿಕ್ರಾಪುರದ ಕಡೆ ಹೋಗುವುದಿತ್ತು, ಅದರಲ್ಲೇ ರಾಂಜಣಗಾಂವ ಮುಟ್ಟಿ ಭಾಮಾಳನ್ನು ಕಂಡು ಬರುತ್ತೇನೆ ಎಂದಳು. ಹೊಸ ಪಿಸ್ತೂಲಿನ ಮೊದಲ ಸ್ಪರ್ಧೆಯ ಕಾಗದ ಖಾನಾವಳಿಯ ಗೋಡೆಗೆ ಹಚ್ಚಲು ಭಾಮಾ ಕೇಳಿದ್ದಳಂತೆ. ಇಂಥ ಕಾಗದವನ್ನೇ ಒಯ್ಯುತ್ತೀಯಾ, ಒಳ್ಳೆಯದೊಂದು ಬಂದ ಮೇಲೆ ಕೊಡಬಾರದೇ ಎಂದೆ.

"ಪಟ್ಟಿ ಇಟ್ಕೊಂಡು ಹೊಡೆದದ್ದಿದು, ಇದನ್ನ ಆಕಿಗಿ ಕೊಡೂದು. ಆಕಿ ಖುಷೀಲೇ ಹಚ್ಚತಾಳ," ಎಂದಳು ಚೀಲ ಹೆಗಲಿಗೇರಿಸಿ. "ಛಲೋದು ಬರ್ಲಿ, ಅಕ್ಕಾ. ಅದನ್ನ ನಾನಾ ಇಟ್ಕೋತೀನಿ."